ಶ್ವಾರ್ಟ್ಜ್ ಅಯ್ಯನವರು ಘಟ್ಟದ ಮೇಲೆ ತಂಗಿದ ಆದಿತ್ಯವಾರ

ಕ್ರಿಸ್ತ ಶಕ 1779ನೆಯ ಇಸವಿ ಆಗಸ್ಟ್ ತಿಂಗಳ 22ನೆಯ ತಾರೀಖು ಆದಿತ್ಯವಾರವಾಗಿತ್ತು. ತಮಿಳು ಸೀಮೆಯಿಂದ ಹೊರಟು ಗಜ್ಜಲಹಟ್ಟಿಯ ಘಟ್ಟವನ್ನು ಹತ್ತಿ ಮೈಸೂರು ರಾಜ್ಯದೊಳಕ್ಕೆ ಬಂದಿದ್ದ ಒಂದು ಚಿಕ್ಕ ಗುಂಪು ಆ ದಿನ ದಾರಿಯಲ್ಲಿದ್ದ ಒಂದು ಕೋಟೆಯ ಊರಿನಲ್ಲಿ ಇಳಿದುಕೊಂಡು, ಮುಂದಕ್ಕೆ ಹೋಗದೆ ನಿಂತಿತು. ಶ್ರೀರಂಗಪಟ್ಟಣವು ಇನ್ನು ಕೆಲವೇ ದಿನಗಳ ಹಾದಿಯಾಗಿತ್ತು. ಅಲ್ಲಿ ಹೈದರಾಲಿಯು ಈ ಗುಂಪಿನ ಬರವನ್ನು ನೋಡುತ್ತಿದ್ದನು. ಹಿಂದೆ ಮದರಾಸಿನಲ್ಲಿ ಕುಂಪಣಿಯ ಗವರ್ನರನು ಉತ್ತರಕ್ಕಾಗಿ ಕಾದಿದ್ದನು. ಯುದ್ಧವೋ ಸಮಾಧಾನವೋ ಎಂಬ ದೊಡ್ಡ ಮಾತು ಇವರ ಪ್ರಯಾಣದಲ್ಲಿ ಅಡಗಿತ್ತು. ಆದಾಗ್ಯೂ ಆ ದಿನ ಪಲ್ಲಕ್ಕಿಯು ನೆಲದ ಮೇಲೆಯೇ ಇತ್ತು. ಅದನ್ನು ಹೊರುವವರ ಹೆಗಲಿಗೆ ಬಿಡುವು ದೊರಕಿತು.

ಆ ಗುಂಪಿನ ಹಿರಿಯರು ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಜ್ ಅಯ್ಯನವರು. ತಮಿಳು ಸಭೆಗಳಲ್ಲಿ ಈ ಹೆಸರು ಮನೆಮನೆಯ ಮಾತು. ನಮ್ಮ ಕನ್ನಡ ಸಭೆಗಳವರಾದರೋ ಹ್ಯಾಂಡ್ಸ್, ಮೋಗ್ಲಿಂಗ್, ಕಿಟ್ಟೆಲ್ ಎಂಬವರ ಹೆಸರುಗಳನ್ನು ಬಲ್ಲಷ್ಟು ಇವರ ಹೆಸರನ್ನು ಬಲ್ಲವರಲ್ಲ. ಹ್ಯಾಂಡ್ಸ್ ಅಯ್ಯನವರು ಬಳ್ಳಾರಿಗೆ ಬಂದದ್ದು 1810ರಲ್ಲಿ; ಬಾಸೆಲ್ ಮಿಶನ್ನಿನ ಮೊದಲಿನ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇವರೆಲ್ಲರಿಗಿಂತ ಎಷ್ಟೋ ವರುಷ ಮುಂಚೆ ಶ್ವಾರ್ಟ್ಜ್ ಅಯ್ಯನವರು ನಮ್ಮ ಘಟ್ಟವನ್ನು ಹತ್ತಿ ಬಂದು ಶ್ರೀರಂಗಪಟ್ಟಣದಲ್ಲಿ ಕರ್ತನ ವಾಕ್ಯವನ್ನು ಸಾರಿದರು.

ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಸಭೆಯವರಿಗೆ ಈ ಚರಿತ್ರೆಯು ಅಷ್ಟೇನೂ ದೂರದ್ದಲ್ಲ. ಆ ಕಾಲದಲ್ಲಿ ಈ ನಾಡು ಹೈದರನ ಅಧಿಕಾರಕ್ಕೆ ಒಳಪಟ್ಟಿತ್ತು. ಅವನು 1763ರಲ್ಲಿ ಬಿದನೂರನ್ನು ತೆಗೆದುಕೊಂಡಿದ್ದನು. ನಾವು ಹೇಳುವ ಇದೇ 1779ನೆಯ ಇಸವಿಯ ಮೊದಲಲ್ಲಿ ಚಿತ್ರದುರ್ಗವನ್ನೂ ಮದಕರಿ ನಾಯಕನ ಕೈಯಿಂದ ಕಿತ್ತುಕೊಂಡಿದ್ದನು. ಬೀರೂರು ಅಜ್ಜಂಪುರದ ಕಾವಲುಗಳ ಹೆಸರಿನೊಂದಿಗೆ ಸೇರಿಹೋಗಿರುವ ಅಮೃತಮಹಲ್ ದನಗಳನ್ನು ಯಾರು ಕಂಡಿಲ್ಲ? ಮೈಸೂರು ಅರಸರ ಬೆಣ್ಣೆ ಚಾವಡಿಯಲ್ಲಿದ್ದ ಆ ತಳಿಯ ಎತ್ತುಗಳನ್ನು ಹೈದರನು ದಂಡಿನ ಸಾಮಾನುಗಳನ್ನೂ ಫಿರಂಗಿಗಳನ್ನೂ ಎಳೆಯುವದಕ್ಕೆ ಹಚ್ಚಿದನು. ಅವನ ಮಗನಾದ ಟಿಪ್ಪುವು ಅವಕ್ಕೆ ಈಗಿನ ಹೆಸರನ್ನು ಕೊಟ್ಟನು. ಅಂಥ ದೊರೆಯ ಬಳಿಗೆ ಬರಿಗೈಯಿಂದ ಬಂದ ಒಬ್ಬ ಬೋಧಕರ ಕಥೆ ಇದು.

ಇದನ್ನು ಬರೆಯುವದಕ್ಕೆ ಇನ್ನೊಂದು ಕಾರಣವೂ ಉಂಟು. ಅಡಿಕೆಯ ಕೊಯ್ಲಿನಲ್ಲಿಯೂ ಬಾಬಾಬುಡನ್ ಗಿರಿಯ ಕಾಫಿ ತೋಟಗಳಲ್ಲಿ ಹಣ್ಣು ಬಿಡಿಸುವ ಕಾಲದಲ್ಲಿಯೂ ಆದಿತ್ಯವಾರವೆಂದು ನೋಡದೆ ಕೂಲಿಗೆ ಕರೆ ಬರುತ್ತದೆ. ಹೋಗದಿದ್ದವನಿಗೆ ಸೋಮವಾರ ಕೆಲಸವಿರುವದೋ ಇಲ್ಲವೋ ಎಂಬ ಭಯವಿದೆ. ಸಭೆಯ ಕೂಟಗಳಲ್ಲಿ ಈ ಮಾತು ಪುನಃ ಪುನಃ ಏಳುತ್ತದೆ. ಉಪದೇಶಿಯಾದವನು ನಾಲ್ಕನೆಯ ಆಜ್ಞೆಯನ್ನು ಓದಿ ಮುಗಿಸುವದು ಸುಲಭ. ಹೊಟ್ಟೆಯ ಮಾತಿಗೆ ಉತ್ತರ ಕೊಡುವದು ಸುಲಭವಲ್ಲ. ಶ್ವಾರ್ಟ್ಜ್ ಅಯ್ಯನವರ ಜೀವನವು ಈ ಪ್ರಶ್ನೆಯನ್ನು ಒಂದೇ ಮಾತಿನಲ್ಲಿ ತೀರಿಸಿಬಿಡುತ್ತದೆಂದು ನಾನು ಹೇಳಲಾರೆನು. ಆದರೂ ಅದನ್ನು ತಿಳಿದಿರುವದು ಒಳ್ಳೇದು.

ಅವರು 1726ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಬ್ರಾಂಡೆನ್‌ಬುರ್ಗ್ ಸೀಮೆಯ ಸೋನನ್‌ಬುರ್ಗ್ ಎಂಬ ಊರಲ್ಲಿ ಹುಟ್ಟಿದರು. ಆ ಊರು ಈಗ ಪೋಲೆಂಡ್ ದೇಶದೊಳಗಿದೆ. ಮಗನು ಇನ್ನೂ ಚಿಕ್ಕವನಾಗಿರುವಾಗಲೇ ತಾಯಿಯು ತೀರಿಹೋದಳು. ಅವಳು ಮರಣಶಯ್ಯೆಯಲ್ಲಿ ಗಂಡನನ್ನೂ ಸಭೆಯ ಬೋಧಕನನ್ನೂ ಹತ್ತಿರ ಕರೆದು, ಈ ಕೂಸನ್ನು ತಾನು ದೇವರ ಸೇವೆಗೆ ಒಪ್ಪಿಸಿದ್ದೇನೆಂದೂ, ದೊಡ್ಡವನಾದ ಮೇಲೆ ಅವನು ಆ ಕಡೆಗೆ ಮನಸ್ಸು ಮಾಡಿದರೆ ಯಾರೂ ಅಡ್ಡಿಮಾಡಬಾರದೆಂದೂ ಕೇಳಿಕೊಂಡಳು. ತಾಯಿಯ ಈ ಹರಕೆಯನ್ನು ತಂದೆಯು ಮರೆಯಲಿಲ್ಲ. ಹುಡುಗನು ಓದಿ ಹಾಲೆ ಎಂಬ ಪಟ್ಟಣದ ವಿದ್ಯಾಪೀಠವನ್ನು ಸೇರಿದನು. ಆಗ ತರಂಗಂಬಾಡಿಯಲ್ಲಿಯೂ ಮದರಾಸಿನಲ್ಲಿಯೂ ಬಹುಕಾಲ ಸೇವೆಮಾಡಿ ಸ್ವದೇಶಕ್ಕೆ ತಿರುಗಿ ಬಂದಿದ್ದ ಶುಲ್ಟ್ಸೆ ಅಯ್ಯನವರು ಹಾಲೆಯಲ್ಲಿ ತಮಿಳು ಪುಸ್ತಕಗಳ ಅಚ್ಚಿನ ಕೆಲಸದಲ್ಲಿದ್ದರು. ಆ ಕೆಲಸಕ್ಕೆ ಸಹಾಯವಾಗಲೆಂದು ಶ್ವಾರ್ಟ್ಜ್ ಅವರು ತಮಿಳನ್ನು ಕಲಿತರು. ಭಾಷೆಯನ್ನು ಕಲಿಯುತ್ತಾ ಕಲಿಯುತ್ತಾ ಆ ಜನರ ಮೇಲೆ ಅವರ ಮನಸ್ಸು ಹೋಯಿತು.

1749ರಲ್ಲಿ ಕೋಪನ್‌ಹೇಗನ್ ಪಟ್ಟಣದಲ್ಲಿ ಅವರಿಗೆ ಹಸ್ತಾರ್ಪಣೆಯಾಯಿತು. ಮರುವರುಷ ಜುಲೈ ತಿಂಗಳಲ್ಲಿ ತರಂಗಂಬಾಡಿಗೆ ಬಂದು ಸೇರಿದರು. ಬಂದು ನಾಲ್ಕು ತಿಂಗಳಾಗುವದರೊಳಗೆ ತಮಿಳಿನಲ್ಲಿ ಪ್ರಸಂಗ ಮಾಡಿದರೆಂಬದು ಆಶ್ಚರ್ಯವಾದರೂ ನಿಜವೇ. ಆ ಮೇಲೆ ಮರಾಠಿ, ಪಾರಸಿ, ಹಿಂದೂಸ್ಥಾನಿ ಭಾಷೆಗಳನ್ನೂ ಕಲಿತರು. ಕನ್ನಡ ಮಾತ್ರ ಅವರ ಪಾಲಿಗೆ ಬರಲಿಲ್ಲ. ಅವರು ಸ್ವದೇಶಕ್ಕೆ ಒಂದು ಸಾರಿಯೂ ತಿರುಗಿ ಹೋಗಲಿಲ್ಲ, ಮದುವೆಯನ್ನೂ ಮಾಡಿಕೊಳ್ಳಲಿಲ್ಲ.

1762ರ ಸುಮಾರಿಗೆ ಅವರು ತಿರುಚಿನಾಪಳ್ಳಿಯಲ್ಲಿ ಕೆಲಸ ಹಿಡಿದರು. ಅಲ್ಲಿನ ಕೋಟೆಯೊಳಗೆ 1766ರಲ್ಲಿ ದೇವಾಲಯವು ಕಟ್ಟಲ್ಪಟ್ಟಿತು. ಅಲ್ಲಿ ಅವರು ವಾಸಮಾಡಿದ ರೀತಿಯನ್ನು ಕಂಡ ಇಂಗ್ಲಿಷರೇ ಬೆರಗಾಗಿ ಬರೆದಿಟ್ಟಿದ್ದಾರೆ. ಹಳೇ ಕಟ್ಟಡವೊಂದರಲ್ಲಿ ಮಂಚ ಹಾಕಿ ಮನುಷ್ಯನು ನಿಲ್ಲುವಷ್ಟು ಸ್ಥಳ. ಊಟಕ್ಕೆ ಅನ್ನ, ಕಾಯಿಪಲ್ಯ. ಉಡುವದಕ್ಕೆ ಕಪ್ಪು ಬಣ್ಣ ಹಾಕಿದ ಒರಟು ಬಟ್ಟೆ. ವರುಷಕ್ಕೆ 48 ಪೌಂಡು ಸಂಬಳದೊಳಗೆ ಅವರ ಜೀವನವೆಲ್ಲಾ ಸಾಗುತ್ತಿತ್ತು. ಅದೇ ಕಾಲದಲ್ಲಿ ಕುಂಪಣಿಯ ಸೇವಕರು ಎರಡು ಕೈಗಳಿಂದಲೂ ಹಣವನ್ನು ಬಾಚಿಕೊಳ್ಳುತ್ತಿದ್ದರೆಂಬದನ್ನು ನೆನಸಿದರೆ, ಊರ ಜನರು ಈ ಒಬ್ಬರ ಮಾತನ್ನು ಯಾಕೆ ನಂಬಿದರೆಂದು ಬೇರೆ ಹೇಳಬೇಕಾಗಿಲ್ಲ. 1778ರಲ್ಲಿ ಅವರು ತಂಜಾವೂರಿಗೆ ಹೋಗಿ ನೆಲೆಗೊಂಡರು. ಅಲ್ಲಿಯ ಅರಸನಾದ ತುಳಜಾಜಿಯು ಅವರನ್ನು ಮೊದಲೇ ಬಲ್ಲವನಾಗಿದ್ದನು.

ಇಷ್ಟರಲ್ಲಿ ಹೈದರನಿಗೂ ಇಂಗ್ಲಿಷರಿಗೂ ಮನಸ್ತಾಪವು ಬೆಳೆಯಿತು. 1769ರಲ್ಲಿ ಎರಡು ಪಕ್ಷದವರೂ ಒಡಂಬಡಿಕೆ ಮಾಡಿಕೊಂಡು, ಶತ್ರುವು ಒಬ್ಬರ ಮೇಲೆ ಬಿದ್ದರೆ ಮತ್ತೊಬ್ಬರು ಸಹಾಯ ಮಾಡತಕ್ಕದ್ದೆಂದು ಮಾತು ಕೊಟ್ಟಿದ್ದರು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಇಂಗ್ಲಿಷರು ಕೈಕಟ್ಟಿ ಕೂತರು. ಇದಲ್ಲದೆ 1779ರಲ್ಲಿ, ಹೈದರನು ಬೇಡವೆಂದು ಹೇಳಿದರೂ ಕೇಳದೆ, ಫ್ರೆಂಚರ ಮಾಹೆ ಬಂದರವನ್ನು ಹಿಡಿದರು. ಹೈದರನ ಮನಸ್ಸಿನಲ್ಲಿ ಏನಿದೆ ಎಂದು ತಿಳುಕೊಳ್ಳಬೇಕೆಂದೂ, ತಮ್ಮದು ಸಮಾಧಾನದ ಮನಸ್ಸೆಂದು ಅವನಿಗೆ ತಿಳಿಸಬೇಕೆಂದೂ ಮದರಾಸಿನ ಗವರ್ನರನಾದ ಸರ್ ಥಾಮಸ್ ರಂಬೋಲ್ಡನು ಒಬ್ಬ ಮನುಷ್ಯನನ್ನು ಹುಡುಕಿದನು. ಕುಂಪಣಿಯ ಅಧಿಕಾರಿಗಳಲ್ಲಿ ಒಬ್ಬನನ್ನೂ ಹೈದರನು ನಂಬುತ್ತಿರಲಿಲ್ಲ. ತಂಜಾವೂರಿನ ಪಾದ್ರಿಯು ಸುಳ್ಳಾಡುವವನಲ್ಲವೆಂಬ ಮಾತು ಮಾತ್ರ ಘಟ್ಟದ ಮೇಲಿನ ವರೆಗೂ ಹೋಗಿತ್ತು.

ಶ್ವಾರ್ಟ್ಜ್ ಅಯ್ಯನವರು ಕೂಡಲೇ ಒಪ್ಪಿಕೊಳ್ಳಲಿಲ್ಲ. ಪ್ರಾರ್ಥನೆ ಮಾಡಿ ಆಲೋಚಿಸಿದರು. ರಾಜಕಾರ್ಯದಲ್ಲಿ ಬೋಧಕನಿಗೆ ಏನು ಕೆಲಸ ಎಂಬ ಸಂದೇಹವು ಅವರಿಗೂ ಬಂತು. ಕಡೆಗೆ, ರಕ್ತ ಸುರಿಯುವದನ್ನು ತಪ್ಪಿಸಲಿಕ್ಕೆ ಒಂದು ದಾರಿಯಾದರೂ ಇದ್ದರೆ ಹೋಗದಿರುವದು ಸರಿಯಲ್ಲವೆಂದೂ, ವಾಕ್ಯವು ಕೇಳಿಸದಿರುವ ಸೀಮೆಯಲ್ಲಿ ಅದನ್ನು ಸಾರುವದಕ್ಕೆ ಬಾಗಿಲು ತೆರೆಯುವದೆಂದೂ ನಿಶ್ಚಯಿಸಿ ಹೊರಟರು. ಪ್ರಯಾಣದ ಖರ್ಚಿನ ಹೊರತು ಯಾರ ಕೈಯಿಂದಲೂ ಏನನ್ನೂ ತಕ್ಕೊಳ್ಳಬಾರದೆಂದು ಗೊತ್ತುಮಾಡಿಕೊಂಡರು. ಆಗ ಅವರ ವಯಸ್ಸು 52.

ಜುಲೈ ತಿಂಗಳ ಮೊದಲಲ್ಲಿ ತಂಜಾವೂರನ್ನು ಬಿಟ್ಟು ತಿರುಚಿನಾಪಳ್ಳಿಯ ಮೇಲೆ ಕರೂರಿಗೆ ಬಂದರು. ಕರೂರು ಆಗ ಹೈದರನ ಗಡಿಯ ಕೋಟೆ. ಅಲ್ಲಿ ಅಪ್ಪಣೆಗಾಗಿ ಸುಮಾರು ಒಂದು ತಿಂಗಳು ಕಾಯಬೇಕಾಯಿತು. ಒಂದು ತಿಂಗಳು ಸುಮ್ಮನೆ ಕೂತಿರುವದು ಅವಸರದ ಕೆಲಸಕ್ಕೆ ಹೊರಟವನಿಗೆ ಎಷ್ಟು ಕಷ್ಟವೆಂದು ತಾಲೂಕು ಕಚೇರಿಯ ಜಗುಲಿಯಲ್ಲಿ ಕಾದವರು ಬಲ್ಲರು. ಅಯ್ಯನವರೂ ಜೊತೆಯಲ್ಲಿದ್ದ ಉಪದೇಶಿಯೂ ಆ ದಿನಗಳಲ್ಲಿ ಊರ ಜನರ ಸಂಗಡ ದೇವರ ಮಾತುಗಳನ್ನಾಡುತ್ತಾ ಕಾಲ ಕಳೆದರು. ಆಗಸ್ಟ್ 6ನೆಯ ತಾರೀಖು ಅಲ್ಲಿಂದ ಹೊರಟು, ಈರೋಡಿನ ಮೇಲೆ ಭವಾನಿ ನದಿಯ ದಡದಲ್ಲಿರುವ ಸತ್ಯಮಂಗಲಕ್ಕೆ ಬಂದರು.

ಅಲ್ಲಿಂದ ಮುಂದೆ ಗಜ್ಜಲಹಟ್ಟಿಯ ಕಣಿವೆ. ಮೋಯಾರು ನದಿಯು ಭವಾನಿಯನ್ನು ಕೂಡುವ ಸ್ಥಳದ ಮೇಲಿರುವ ಈ ಕಣಿವೆಯು ಮೈಸೂರಿನಿಂದ ಕೊಯಮತ್ತೂರು ಸೀಮೆಗೆ ಇಳಿಯುವ ಹೆದ್ದಾರಿಯಾಗಿತ್ತು. ಹೈದರನ ದಂಡುಗಳು ಇಳಿಯುತ್ತಿದ್ದದ್ದೂ ಹತ್ತುತ್ತಿದ್ದದ್ದೂ ಇಲ್ಲಿಯೇ; 1790ರಲ್ಲಿ ಟಿಪ್ಪುವು ಇಲ್ಲಿಂದಲೇ ಇಳಿದು ಇಂಗ್ಲಿಷರ ಮೇಲೆ ಬಿದ್ದನು. ಈಗ ಆ ದಾರಿಯು ಕಾಡು ಸೇರಿಹೋಗಿದೆ. ಕೆಳಗಿದ್ದ ದಣಾಯಕನ ಕೋಟೆಯು ಭವಾನಿಸಾಗರದ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. 2013ರಲ್ಲಿ ಆ ಕಾಡು ಹುಲಿಗಳ ರಕ್ಷಿತ ವನವೆಂದು ಗೊತ್ತುಮಾಡಲ್ಪಟ್ಟಿತು. ಶ್ವಾರ್ಟ್ಜ್ ಅಯ್ಯನವರ ಕಾಲದಲ್ಲಿ ಹುಲಿಗೆ ರಕ್ಷಣೆ ಬೇಕಾಗಿರಲಿಲ್ಲ. ದಾರಿಹೋಕರಿಗೆ ಹುಲಿಯಿಂದ ರಕ್ಷಣೆ ಬೇಕಾಗಿತ್ತು. ದಟ್ಟವಾದ ಮರಗಳು, ಕಣ್ಣು ಕತ್ತಲೆಗೊಳ್ಳುವ ಕಮರಿಗಳು, ಒಂದೇ ಏರು. ನಮ್ಮ ಕಡೆಯವರು ತರೀಕೆರೆಯ ಕೆಳಗಿನ ಬಯಲಿನಿಂದ ಕೆಮ್ಮಣ್ಣುಗುಂಡಿಯ ಕಡೆಗೆ ತಲೆಯೆತ್ತಿ ನೋಡಿ, ಆ ಏರನ್ನು ಹೆಗಲ ಮೇಲೆ ಹೊರೆಯಿಟ್ಟು ಹತ್ತುವದನ್ನು ನೆನಸಿಕೊಂಡರೆ ಸಾಕು.

ಇಲ್ಲಿ ಒಂದು ಮಾತು ಹೇಳಬೇಕು. ಈ ಪ್ರಯಾಣವನ್ನು ಶ್ವಾರ್ಟ್ಜ್ ಅಯ್ಯನವರ ಪ್ರಯಾಣವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅವರ ಸಂಗಡ ಪಲ್ಲಕ್ಕಿಯಿತ್ತು, ಅದಕ್ಕೆ ಹೊರುವವರಿದ್ದರು. ಕಾವೇರಿಯ ಬಯಲಿನಿಂದ ಘಟ್ಟದ ಮೇಲಿನ ವರೆಗೆ ಇನ್ನೂರು ಮೈಲಿಗೆ ಕಡಿಮೆಯಿಲ್ಲದ ಆ ದಾರಿಯು ಅವರೆಲ್ಲರಿಗೆ ಕಾಲ್ನಡಿಗೆಯ ದಾರಿ, ಹೆಗಲ ಮೇಲಿನ ಭಾರದ ದಾರಿ. ಅವರ ಹೆಸರು ಯಾವ ಪುಸ್ತಕದಲ್ಲಿಯೂ ಬರೆಯಲ್ಪಟ್ಟಿಲ್ಲ. ಘಟ್ಟದ ಮೇಲೆ ಆದಿತ್ಯವಾರ ನಿಂತದ್ದನ್ನು ಅಯ್ಯನವರು ತಮ್ಮ ದಿನಚರಿಯಲ್ಲಿ ಬಹು ಚುಟುಕಾಗಿ ಬರೆದಿದ್ದಾರೆ. ಅದನ್ನು ದೊಡ್ಡ ಕಾರ್ಯವೆಂದು ಅವರು ಎಣಿಸಲಿಲ್ಲ. ನಿತ್ಯದಂತೆ ಮಾಡಿದ್ದನ್ನು ನಿತ್ಯದಂತೆ ಬರೆದಿಟ್ಟರು. ಎಲ್ಲಿ ತಂಗಿದರೂ ಬೆಳಿಗ್ಗೆಯೂ ಸಾಯಂಕಾಲವೂ ಜೊತೆಯವರೊಂದಿಗೆ ಪ್ರಾರ್ಥನೆ ಮಾಡುವದೂ, ನೋಡಬಂದವರ ಸಂಗಡ ಮಾತಾಡುವದೂ ಅವರ ಪದ್ಧತಿಯಾಗಿತ್ತು.

ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕರೂರಿನಲ್ಲಿ ಒಂದು ತಿಂಗಳು ಹೋಯಿತು. ಹೈದರನು ದೊಡ್ಡ ದೊರೆ. ಅವನನ್ನು ಕಾಯಿಸುವದು ಸುಲಭವಾದ ವಿಷಯವಲ್ಲ. ಮಳೆಗಾಲವಿನ್ನೂ ಮುಗಿದಿರಲಿಲ್ಲ, ಹೊಳೆಗಳು ತುಂಬುವ ಕಾಲ. ಲೋಕದ ಬುದ್ಧಿಯುಳ್ಳ ಯಾವ ರಾಯಭಾರಿಯಾದರೂ ಘಟ್ಟವೇರಿದ ಮೇಲೆ ಹೊರುವವರನ್ನು ಇನ್ನಷ್ಟು ಜೋರಾಗಿ ನಡಿಸುತ್ತಿದ್ದನು. ಅವರೇನೂ ಆದಿತ್ಯವಾರವನ್ನು ಬಿಡಬೇಕೆಂದು ಕೇಳುವವರಲ್ಲ. ದಿನಕ್ಕಿಷ್ಟು ಎಂದು ಕೂಲಿ ಪಡೆದು ನಡೆಯುವವರು. ಆದರೂ ಅಯ್ಯನವರು ನಿಂತರು. ವಿಶ್ರಾಂತಿಯ ಆಜ್ಞೆಯಲ್ಲಿ ಮನೆಯ ಯಜಮಾನನ ಹೆಸರೊಂದೇ ಇಲ್ಲ. ಆಳು, ದಾಸಿ, ಎತ್ತು, ಕತ್ತೆ, ಬಾಗಿಲೊಳಗಿರುವ ಪರದೇಶಿ, ಇವರೆಲ್ಲರೂ ಅದರಲ್ಲಿ ಎಣಿಸಲ್ಪಟ್ಟಿದ್ದಾರೆ. ಆಜ್ಞೆಯನ್ನು ಕೈಕೊಳ್ಳುವ ಭಾರವು ಮೊದಲು ಕೆಲಸ ಮಾಡಿಸುವವನ ಮೇಲೆ ಬೀಳುತ್ತದೆ, ಆ ಮೇಲೆ ಕೆಲಸ ಮಾಡುವವನ ಮೇಲೆ. ನಮ್ಮ ಸಭೆಗಳಲ್ಲಿ ನಾವು ಇದನ್ನು ತಿರುಗುಮುರುಗಾಗಿ ಬೋಧಿಸಿ, ಕೂಲಿಯವನನ್ನು ಗದರಿಸಿ, ನಾಲ್ಕು ಆಳುಗಳನ್ನಿಟ್ಟು ಬೇಸಾಯ ಮಾಡುವ ಸಭೆಯ ಹಿರಿಯನನ್ನು ಸುಮ್ಮನೆ ಬಿಡುವದುಂಟು.

ಆ ಸೀಮೆಯ ದಾರಿಗಳನ್ನು ಅಯ್ಯನವರು ಮೆಚ್ಚಿ ಬರೆದಿದ್ದಾರೆ. 23 ಕಮಾನುಗಳ ಗಟ್ಟಿಯಾದ ಒಂದು ಸೇತುವೆಯನ್ನು ಕಂಡರು. ಮಳೆ ಬಿದ್ದು ಮಣ್ಣು ಕೊಚ್ಚಿಹೋದರೆ ಆಯಾ ಊರಿನ ಅಧಿಕಾರಿಯು ಕೂಡಲೇ ಜನರನ್ನು ಕಳುಹಿಸಿ ಸರಿಪಡಿಸತಕ್ಕದ್ದೆಂದು ಹೈದರನ ಕಟ್ಟಳೆ. ಸ್ವಲ್ಪ ಕೆಟ್ಟಿರುವಾಗಲೇ ಕಟ್ಟಿಸಿದರೆ ಖರ್ಚು ಕಡಿಮೆಯೆಂಬದು ಅವನ ಲೆಕ್ಕವಾಗಿತ್ತು. ಇಂಗ್ಲಿಷರ ಕೈಯಲ್ಲಿದ್ದ ಕರ್ನಾಟಕ ಬಯಲಿನಲ್ಲಿಯಾದರೋ ಎಲ್ಲವೂ ಪಾಳುಬೀಳುತ್ತಿತ್ತೆಂದು ಅವರು ಮರೆಮಾಜದೆ ಬರೆದರು. ತನ್ನನ್ನು ಕಳುಹಿಸಿದವರ ಕುಂದನ್ನೂ ಕಾಣುವ ಕಣ್ಣು ಅವರಿಗಿತ್ತು.

ಆಗಸ್ಟ್ ಕಡೇ ವಾರದಲ್ಲಿ ಮೈಸೂರಿನ ಕೋಟೆಯನ್ನು ದಾಟಿ ಶ್ರೀರಂಗಪಟ್ಟಣವನ್ನು ಮುಟ್ಟಿದರು. ಹೈದರನು ಅವರನ್ನು ಮರ್ಯಾದೆಯಿಂದ ಬರಮಾಡಿಕೊಂಡು ತನ್ನ ಹತ್ತಿರವೇ ಕುಳ್ಳಿರಿಸಿಕೊಂಡನು. ಹೈದರನಿಗೆ ಓದುಬರಹ ಬಾರದು. ಆದರೂ ಒಬ್ಬ ಬರಹಗಾರನು ಓದಿದ್ದನ್ನು ಕೇಳುತ್ತಾ, ಇನ್ನೊಬ್ಬನಿಗೆ ಉತ್ತರ ಹೇಳಿ ಬರೆಯಿಸುತ್ತಾ, ಮೂರನೆಯವನ ದೂರನ್ನು ವಿಚಾರಿಸುತ್ತಾ ಒಂದರ ಎಳೆಯನ್ನೂ ಬಿಡದ ಅವನ ಜ್ಞಾಪಕ ಶಕ್ತಿಯನ್ನು ಅಯ್ಯನವರು ಹತ್ತಿರದಿಂದ ಕಂಡರು. ತಪ್ಪಿದವರನ್ನು ಹೊಡೆಯುವದಕ್ಕೆ ಕೊರಡೆ ಹಿಡಿದವರು ಯಾವಾಗಲೂ ಸಿದ್ಧರಾಗಿ ನಿಂತಿದ್ದದ್ದನ್ನೂ ಕಂಡರು. ಎಷ್ಟು ದೊಡ್ಡ ಅಧಿಕಾರಿಗೂ ಅದರಿಂದ ವಿನಾಯಿತಿ ಇರಲಿಲ್ಲ. ಅನಾಥ ಹುಡುಗರನ್ನು ಕೂಡಿಸಿ ಅನ್ನ ಬಟ್ಟೆ ಕೊಟ್ಟು ಸಿಪಾಯಿ ಕವಾಯತು ಕಲಿಸುತ್ತಿದ್ದ ಒಂದು ದಂಡೂ ಅಲ್ಲಿತ್ತು. ಅನಾಥರನ್ನು ಸಾಕುವ ಈ ಕಾರ್ಯವು ಅವರ ಮನಸ್ಸಿಗೆ ಹಿಡಿಯಿತು. ಆ ಮಕ್ಕಳನ್ನು ಯುದ್ಧಕ್ಕೆ ಬೆಳಸುವದು ಹಿಡಿಸಿತೆಂದು ನಾನು ನಂಬಲಾರೆನು.

ಹೈದರನ ದಂಡಿನಲ್ಲಿ ಯೂರೋಪಿನವರು ಅನೇಕರಿದ್ದರು. ಅವರಲ್ಲಿ ಜರ್ಮನರೂ ಇದ್ದರು. ಅವರಿಗಾಗಿ ಆದಿತ್ಯವಾರಗಳಲ್ಲಿ ಕೋಟೆಯ ಹೊರಗೆ ಗುಡಾರದಲ್ಲಿ ದೇವಾರಾಧನೆ ನಡೆಯಿತು. ಹೈದರನು ಅದಕ್ಕೆ ಅಡ್ಡಿಮಾಡಲಿಲ್ಲ. ಯಾರು ಯಾವ ಮತವನ್ನು ಹಿಡಿದರೂ ಅವನು ವಿಚಾರಿಸುತ್ತಿರಲಿಲ್ಲ, ಕೆಲಸವಾದರೆ ಸರಿ. ಘಟ್ಟದ ಮೇಲಿನ ಕೋಟೆಯೂರಿನಲ್ಲಿ ಕೆಲವರೊಂದಿಗೆ ನಡೆದ ಆ ವಿಶ್ರಾಂತಿ ದಿನವು ಹೀಗೆ ದೊರೆಯ ರಾಜಧಾನಿಯಲ್ಲಿಯೂ ಆಚರಿಸಲ್ಪಟ್ಟಿತು. ಅರಮನೆಯ ಬ್ರಾಹ್ಮಣರೂ ಮುಸಲ್ಮಾನರೂ ಅಯ್ಯನವರೊಂದಿಗೆ ದೇವರ ವಿಷಯವಾಗಿ ಮಾತಾಡಿದರು. ಕಡೆಯ ಸಾಯಂಕಾಲ ಹೈದರನು, ಅವರು ಪಾರಸಿಯಲ್ಲಿ ಮಾತಾಡುವದನ್ನು ಕೇಳಬೇಕೆಂದು ಆಶಿಸಿದನು. ಅವರು ಅವನ ಮುಂದೆ ಆ ಭಾಷೆಯಲ್ಲಿಯೇ ತಾವು ಬಂದ ಕಾರಣವನ್ನು ವಿವರಿಸಿದರು.

ರಾಯಭಾರದ ಫಲವೇನಾಯಿತು? ಹೈದರನು ಇಂಗ್ಲಿಷರ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಹೇಳಿದನು. ಅವರು ಇನ್ನಾದರೂ ಸಮಾಧಾನದ ಕೈಯನ್ನು ಚಾಚಿದರೆ ತಾನು ಹಿಂದೆಗೆಯುವದಿಲ್ಲವೆಂದು ತಿಳಿಸಿದನು. ಅಯ್ಯನವರು ಈ ಮಾತನ್ನು ಇದ್ದ ಹಾಗೆಯೇ ಮದರಾಸಿಗೆ ಮುಟ್ಟಿಸಿದರು. ಅಲ್ಲಿ ಅದನ್ನು ಯಾರೂ ಮನಸ್ಸಿಗೆ ತಂದುಕೊಳ್ಳಲಿಲ್ಲ. ಸಮಾಧಾನವು ಕಳುಹಿಸಿದವರ ಬಾಯಲ್ಲಿ ಮಾತ್ರ ಇತ್ತು, ಹೋದವರ ಮನಸ್ಸಿನಲ್ಲಿ ನಿಜವಾಗಿತ್ತು. 1780ರ ಜುಲೈ ತಿಂಗಳಲ್ಲಿ ಹೈದರನು ಮಹಾ ಸೈನ್ಯದೊಂದಿಗೆ ಘಟ್ಟವಿಳಿದು ತಮಿಳು ಬಯಲಿನ ಊರುಗಳನ್ನು ಸುಟ್ಟನು. ಒಂದು ದಿನ ಮುಂಚೆ ತಲಪಿದ್ದರೆ ಇದು ತಪ್ಪುತ್ತಿತ್ತೇ ಎಂದು ಕೇಳುವವನು ಇರಬಹುದು. ಒಂದು ವರುಷ ಮುಂಚೆ ತಲಪಿದ್ದರೂ ತಪ್ಪುತ್ತಿರಲಿಲ್ಲ.

ಶ್ರೀರಂಗಪಟ್ಟಣವನ್ನು ಬಿಡುವಾಗ ನಡೆದದ್ದನ್ನು ಹೇಳದೆ ಹೋಗಬಾರದು. ಅಯ್ಯನವರು ಪಲ್ಲಕ್ಕಿಯೊಳಗೆ ನೋಡಿದಾಗ 300 ರೂಪಾಯಿಗಳ ಒಂದು ಚೀಲವಿತ್ತು. ದಾರಿಯ ಖರ್ಚಿಗೆಂದು ಹೈದರನು ಇರಿಸಿದ್ದನು. ತಿರುಗಿ ಕೊಡಬೇಕೆಂದಿದ್ದಾಗ ಅಲ್ಲಿಯ ಅಧಿಕಾರಿಗಳು ಹೆದರಿ, ದೊರೆಯು ಇದನ್ನು ಅವಮಾನವೆಂದು ತಿಳಿದರೆ ತಮ್ಮ ಪ್ರಾಣಕ್ಕೆ ಬರುತ್ತದೆಂದು ಬೇಡಿಕೊಂಡರು. ಅವರಿಗಾಗಿ ಆ ಚೀಲವನ್ನು ತಂದು ಮದರಾಸಿನ ಸರ್ಕಾರದ ಮುಂದೆ ಇಟ್ಟರು. ಸರ್ಕಾರದವರು ತಾವೇ ಇಟ್ಟುಕೊಳ್ಳಿರೆಂದು ಹಿಂದಕ್ಕೆ ಕೊಡಲು, ಆ ಹಣವನ್ನು ತಂಜಾವೂರಿನಲ್ಲಿ ಬಡಮಕ್ಕಳ ಇಂಗ್ಲಿಷ್ ಪಾಠಶಾಲೆಗೆ ಮೂಲಧನವಾಗಿ ಹಾಕಿದರು.

ಯುದ್ಧದ ಹಿಂದೆ ಬರವೂ ಬಂತು. ತಂಜಾವೂರಿನ ಕೋಟೆಯೊಳಗೆ ಸಿಪಾಯಿಗಳು ಹಸಿವೆಯಿಂದ ಬೀಳುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಭತ್ತವಿತ್ತು. ತರುವದಕ್ಕೆ ಎತ್ತು ಸಿಕ್ಕಲಿಲ್ಲ. ಯಾಕಂದರೆ ಹಿಂದೆ ಎತ್ತು ಹೊಡೆದುಕೊಂಡು ಬಂದ ರೈತರಿಗೆ ನಡುವಿನವರು ಕೂಲಿಯನ್ನು ಕೊಡದೆ ನುಂಗಿದ್ದರು. ಅರಸನ ಮಾತನ್ನೂ ರೈತರು ನಂಬಲಿಲ್ಲ, ಕುಂಪಣಿಯ ಮಾತನ್ನೂ ನಂಬಲಿಲ್ಲ. ಕಡೆಗೆ ಅರಸನು ಶ್ವಾರ್ಟ್ಜ್ ಅಯ್ಯನವರನ್ನು ಕೇಳಿಕೊಂಡನು. ಅವರು ಊರೂರಿಗೆ ಪತ್ರ ಬರೆದು, ಪ್ರತಿಯೊಬ್ಬನಿಗೂ ತಮ್ಮ ಸ್ವಂತ ಕೈಯಿಂದಲೇ ಕೂಲಿ ಕೊಡುವದಾಗಿ ತಿಳಿಸಿದರು. ಎರಡು ಮೂರು ದಿನಗಳೊಳಗೆ ಸಾವಿರಕ್ಕಿಂತ ಹೆಚ್ಚು ಎತ್ತುಗಳು ಬಂದವು. 80,000 ಕಲಂ ಧಾನ್ಯವು ಕೋಟೆಯೊಳಕ್ಕೆ ಬಂತು. ಮಾತು ಕೊಟ್ಟಂತೆ ಪ್ರತಿಯೊಬ್ಬನಿಗೂ ಹಣವನ್ನು ಎಣಿಸಿಕೊಟ್ಟರು. ಹೊರುವವನ ಹೆಗಲನ್ನು ಗಮನಿಸಿದವರು ರೈತನ ಕೂಲಿಯನ್ನು ಮರೆಯಲಿಲ್ಲ. ಕೆಲವು ವರುಷಗಳಾದ ಮೇಲೆ ಅಧಿಕಾರಿಗಳ ಕಾಟಕ್ಕೆ ದೇಶ ಬಿಟ್ಟು ಓಡಿಹೋಗಿದ್ದ ಸುಮಾರು 7,000 ಜನರು ಇವರೊಬ್ಬರ ಭರವಸೆಯ ಮೇಲೆ ತಮ್ಮ ಹೊಲಗಳಿಗೆ ತಿರುಗಿ ಬಂದರು.

ಆ ಯುದ್ಧದಲ್ಲಿ ತಂಜಾವೂರು ಸೀಮೆಯನ್ನು ಸುಡುತ್ತಿದ್ದಾಗ ಹೈದರನು, ಈ ಬೋಧಕನನ್ನು ಯಾರೂ ತಡೆಯಬಾರದೆಂದೂ, ಅವರಿಗೆ ಉಪಕಾರವನ್ನೇ ಮಾಡಬೇಕೆಂದೂ ತನ್ನ ಸರದಾರರಿಗೆ ಅಪ್ಪಣೆ ಕೊಟ್ಟನು. ಎರಡು ದಂಡುಗಳ ನಡುವೆ ಅವರು ತಮ್ಮ ಸಭೆಗಳನ್ನು ನೋಡಿಕೊಂಡು ಓಡಾಡುತ್ತಿದ್ದರು. 1782ರಲ್ಲಿ ಹೈದರನು ಸತ್ತನು. ಮರುವರುಷ ಸಮಾಧಾನದ ಮಾತಿಗಾಗಿ ಅಯ್ಯನವರನ್ನು ಪುನಃ ಮೈಸೂರಿನ ಕಡೆಗೆ ಕಳುಹಿಸಿದರು. ಈ ಸಾರಿ ಸತ್ಯಮಂಗಲದಿಂದ ಮುಂದೆ ಹೋಗುವದಕ್ಕೆ ಟಿಪ್ಪುವಿನ ಕಡೆಯವರು ಬಿಡಲಿಲ್ಲ. ಅವರು ಹತ್ತಿ ಬಂದಿದ್ದ ಘಟ್ಟವು ಎದುರಿಗೆ ಕಾಣುತ್ತಿತ್ತು. ಅದರ ಬುಡದಿಂದಲೇ ಹಿಂತಿರುಗಿದರು. ನಮ್ಮ ಸೀಮೆಗೆ ಮತ್ತೆ ಬರಲಿಲ್ಲ.

ಅವರ ಸಭೆಗಳ ವಿಷಯವಾಗಿ ಒಂದು ಕುಂದನ್ನೂ ಮುಚ್ಚದೆ ಹೇಳಬೇಕು. ದೇವಾಲಯದಲ್ಲಿ ಮೇಲುಜಾತಿಯಿಂದ ಬಂದವರು ಒಂದು ಕಡೆ, ಉಳಿದವರು ಒಂದು ಕಡೆ ಕೂಡುವ ಪದ್ಧತಿಯನ್ನು ಅವರು ಬಲವಂತದಿಂದ ಮುರಿಯಲಿಲ್ಲ; ಕಾಲಕ್ರಮದಲ್ಲಿ ತಾನಾಗಿ ಸವೆದುಹೋಗುವದೆಂದು ನಂಬಿದರು. ಅದು ಸವೆಯಲಿಲ್ಲ. 1833ರಲ್ಲಿ ಬಿಷಪ್ ವಿಲ್ಸನ್ ಅಯ್ಯನವರು ಇದನ್ನು ನಿಲ್ಲಿಸಬೇಕೆಂದು ಆಜ್ಞೆ ಕೊಟ್ಟಾಗ ತಂಜಾವೂರಿನಲ್ಲಿ ದೊಡ್ಡ ಗಲಭೆಯಾಯಿತು. ಘಟ್ಟದ ಮೇಲೆ ಪಲ್ಲಕ್ಕಿ ಹೊರುವವನಿಗೂ ತಮಗೂ ಒಂದೇ ವಿಶ್ರಾಂತಿ ದಿನವೆಂದು ಎಣಿಸಿದವರು ದೇವಾಲಯದೊಳಗೆ ಒಂದೇ ಚಾಪೆಯನ್ನು ಹಾಸುವದಕ್ಕೆ ಯಾಕೆ ತಡಮಾಡಿದರೋ! ದೊಡ್ಡವರ ಚರಿತ್ರೆಯಲ್ಲಿಯೂ ಹೀಗಾಗುತ್ತದೆ.

ತುಳಜಾಜಿಯು 1787ರಲ್ಲಿ ಸಾಯುವದಕ್ಕೆ ಮುಂಚೆ ಸರ್ಫೋಜಿ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು, ಅವನನ್ನು ನೋಡಿಕೊಳ್ಳಬೇಕೆಂದು ಶ್ವಾರ್ಟ್ಜ್ ಅಯ್ಯನವರನ್ನು ಬೇಡಿಕೊಂಡನು. ಸಿಂಹಾಸನವನ್ನೇರಿದ ಅಮರಸಿಂಗನು ಹುಡುಗನನ್ನು ಕತ್ತಲೆಯ ಕೋಣೆಯಲ್ಲಿಟ್ಟು ಪೀಡಿಸಲು, ಅಯ್ಯನವರು ಅವನ ಪರವಾಗಿ ನಿಂತು ಮದರಾಸಿಗೆ ಕಳುಹಿಸಿ ವಿದ್ಯೆ ಕಲಿಯುವಂತೆ ಮಾಡಿದರು. ಅವನನ್ನು ಕ್ರೈಸ್ತನನ್ನಾಗಿ ಮಾಡುವದಕ್ಕೆ ಅಧಿಕಾರವನ್ನು ಉಪಯೋಗಿಸಲಿಲ್ಲ. 1798ನೆಯ ಇಸವಿ ಫೆಬ್ರವರಿ 13ನೆಯ ತಾರೀಖು, ತಮ್ಮ 71ನೆಯ ವಯಸ್ಸಿನಲ್ಲಿ, ತಂಜಾವೂರಿನಲ್ಲಿ ಅಯ್ಯನವರು ಕರ್ತನಲ್ಲಿ ನಿದ್ರೆಹೋದರು. ಅದೇ ವರುಷ ಸರ್ಫೋಜಿಯು ಅರಸನಾದನು.

ಸರ್ಫೋಜಿಯು ಇಂಗ್ಲೆಂಡಿನ ಹೆಸರಾದ ಶಿಲ್ಪಿ ಫ್ಲಾಕ್ಸ್‌ಮನ್ನನಿಂದ ಅಮೃತಶಿಲೆಯಲ್ಲಿ ಒಂದು ಸ್ಮಾರಕವನ್ನು ಕೆತ್ತಿಸಿ ತರಿಸಿದನು. ಅದು ತಂಜಾವೂರಿನ ಶ್ವಾರ್ಟ್ಜ್ ದೇವಾಲಯದಲ್ಲಿದೆ. ಹಾಸಿಗೆಯ ಮೇಲೆ ಮಲಗಿರುವ ಮುದುಕ ಬೋಧಕರ ಕೈಯನ್ನು ಯೌವನಸ್ಥನಾದ ಅರಸನು ಹಿಡಿದುಕೊಂಡಿದ್ದಾನೆ. ಸಮಾಧಿಯ ಕಲ್ಲಿನ ಮೇಲಿರುವ ಇಂಗ್ಲಿಷ್ ಪದ್ಯವನ್ನು ಸರ್ಫೋಜಿಯೇ ರಚಿಸಿದನು. ಘಟ್ಟದ ಮೇಲಿನ ಆ ಕೋಟೆಯ ಊರಿನಿಂದ ಪಲ್ಲಕ್ಕಿಯು ಸೋಮವಾರ ಮುಂದಕ್ಕೆ ಹೊರಟಿತು.